ಕಳಸಗಿತ್ತಿಯ ವೀಸಾ

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ನೆಲ ಬಿಟ್ಟು ಮೋಡ ಮುಟ್ಟಿದ್ದ ವಿಮಾನವನ್ನು, ಪೆರೇಸಂದ್ರದ ದ್ರಾಕ್ಷಿ ತೋಟದಲ್ಲಿ ನಿಂತುಕೊಂಡು, ಒಂದೇ ಒಂದು ಫೋನಿನಲ್ಲಿ ಕೆಳಗೆ ಇಳಿಸಿದವನು ನಾನು. ಪೈಲಟ್ಟು ಮೊದಲು ಸ್ವಲ್ಪ ಗುರುಗುಟ್ಟಿದ. ನಾನು ಹೆಸರು ಹೇಳಿದೆ. "ಓಹೋ, ಚಿಂತಾಮಣಿ ಮೋಹನ್‌ಬಾಬು ಅವರಾ, ಮೊದಲೇ ಹೇಳಬಾರದಾ ಸಾರ್" ಎಂದವನೇ ಎತ್ತಿನ ಗಾಡಿ ತಿರುಗಿಸಿದ ಹಾಗೆ ವಿಮಾನವನ್ನು ಆಕಾಶದಲ್ಲೇ ತಿರುಗಿಸಿದ. ನನ್ನ ಅಕ್ಕನ ಮಗಳು ಯಾಮಿನಿಯನ್ನು ಹತ್ತಿಸಿಕೊಂಡ ಜಾಗದಲ್ಲೇ ಇಳಿಸಿ, ಅವಳ ಸೂಟ್‌ಕೇಸನ್ನು ತಾನೇ ಹೊತ್ತು ಬಾಗಿಲ ತನಕ ಬಿಟ್ಟು ಬಂದ.

ನಂಬುವವರು ನಂಬಿ. ನಂಬದವರು ಚಿಂತಾಮಣಿಗೆ ಬಂದು ನನ್ನ ಅಂಗಡಿ ಮುಂದೆ ನಿಂತು ವಿಚಾರಿಸಿ. ನನ್ನದು ಡ್ರಿಪ್ ಪೈಪಿನ ವ್ಯಾಪಾರ. ಈ ಜಿಲ್ಲೆಯಲ್ಲಿ ನಾನು ಹಾಕಿಸಿರುವ ಪೈಪನ್ನೆಲ್ಲ ಒಂದಕ್ಕೊಂದು ಸೇರಿಸಿದರೆ ಚಿಂತಾಮಣಿಯಿಂದ ಹೊರಟು ಲಂಡನ್ ಸೇರಿ, ಅಲ್ಲಿನ ಅರಮನೆಯ ಹೂದೋಟಕ್ಕೆ ನೀರು ಬಿಟ್ಟು, ಉಳಿದದ್ದರಲ್ಲಿ ವಾಪಸ್ಸು ಶಿಡ್ಲಘಟ್ಟದ ತನಕ ಬರುತ್ತದೆ. ನನ್ನ ಹೆಂಡತಿ ಕವಿತ ಮಾತ್ರ "ಮೊದ್ಲು ನಮ್ಮ ಹಿತ್ತಿಲ ನಲ್ಲಿ ಸೋರೋದು ನಿಲ್ಸಿ, ಆಮೇಲೆ ಲಂಡನ್ ನೋಡ್ಕೊಳ್ಳಿ" ಅನ್ನುತ್ತಾಳೆ. ದೊಡ್ಡ ಕೆಲಸ ಮಾಡುವವರಿಗೆ ಮನೆಯಲ್ಲಿ ಇಂಥ ಮಾತು ಇದ್ದದ್ದೇ.

ಅಕ್ಕ ಕದಿರಮ್ಮನನ್ನು ಪೆರೇಸಂದ್ರಕ್ಕೆ ಕೊಟ್ಟಿದೆ. ಭಾವ ವೆಂಕಟರಾಮಪ್ಪನವರದು ದ್ರಾಕ್ಷಿ ತೋಟ. ಅಲ್ಲಿ ಒಂದೊಂದು ಗೊಂಚಲೂ ಎಳೆ ಕರುವಿನಷ್ಟು ತೂಗುತ್ತದೆ. ಡ್ರಿಪ್ ಯಾರದು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವರಿಗೆ ಇಬ್ಬರು ಮಕ್ಕಳು. ದೊಡ್ಡವನು ಚೈತನ್ಯ, ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಮೇಷ್ಟರು. ಚಿಕ್ಕವಳು ಯಾಮಿನಿ. ಕೊಯ್ದ ಹಣ್ಣು ಕೆಡದಂತೆ ಕಾಪಾಡುವ ವಿದ್ಯೆ ಓದಲು ಅವಳು ಇಂಗ್ಲೆಂಡಿಗೆ ಹೋಗಿದ್ದಳು. ಕಾಲೇಜಿನ ಗೆಳತಿ, ಶಿಡ್ಲಘಟ್ಟದ ಸಾಬ್ರೀನ್ ಕೂಡ ಅದೇ ಊರಲ್ಲಿ ಬೇರೇನೋ ಓದುತ್ತಿದ್ದಳು. ಇಬ್ಬರಿಗೂ ಒಂದೇ ರೂಮು, ಒಂದೇ ಕುಕ್ಕರು.

ಓದು ಮುಗಿಯುವ ಹೊತ್ತಿಗೆ ಒಂದು ಭಾನುವಾರ ನಾವೆಲ್ಲ ಪೆರೇಸಂದ್ರದ ಜಗಲಿಯಲ್ಲಿ ಕೂತಿದ್ದಾಗ ಯಾಮಿನಿಯ ವಿಡಿಯೋ ಕಾಲ್ ಬಂತು. ಭಾವ ಕೇಳಿದರು:

"ಓದು ಮುಗೀತಲ್ಲಮ್ಮ, ಮುಂದೇನು? ಅಲ್ಲಿ ಇರಕ್ಕೆ ಬಿಡ್ತಾರಾ?"

"ಮೂರು ದಾರಿ ಇದೆ ಅಪ್ಪ. ಒಂದು, ಕೆಲಸ ಕೊಡೋ ಕಂಪನಿಯವ್ರೇ ಸ್ಪಾನ್ಸರ್ ಮಾಡಿ ವೀಸಾ ಕೊಡಿಸೋದು. ಹೊಸಬರಿಗೆ ಅಷ್ಟು ಸುಲಭಕ್ಕೆ ಯಾರೂ ಮಾಡಲ್ಲ. ಇನ್ನೊಂದು ಗ್ರಾಜುಯೇಟ್ ವೀಸಾ. ಇಲ್ಲಿ ಓದು ಮುಗಿಸಿದವರು ಎರಡು ವರ್ಷ ಇದ್ದು ಕೆಲಸ ಮಾಡಬಹುದು, ಕಂಪನಿ ಸ್ಪಾನ್ಸರ್ ಬೇಕಾಗಲ್ಲ. ಆದ್ರೆ ರಿಸಲ್ಟ್ ಬಂದ್ಮೇಲೆ, ಈಗಿರೋ ಸ್ಟೂಡೆಂಟ್ ವೀಸಾ ಮುಗಿಯೋದರೊಳಗೆ, ಇಲ್ಲಿದ್ದುಕೊಂಡೇ ಅರ್ಜಿ ಹಾಕ್ಬೇಕು. ಊರಿಗೆ ಬಂದು ಅಲ್ಲಿಂದ ಹಾಕ್ತೀನಿ ಅಂದ್ರೆ ಆಗಲ್ಲ."

"ಮೂರನೇದು?"

"ಗಂಟುಮೂಟೆ ಕಟ್ಟೋದು."

ಹಣ್ಣನ್ನು ಹಡಗಿನಲ್ಲಿ ಕಳಿಸಿದರೂ ಬಾಡದಂತೆ ಇಡುವುದು ಹೇಗೆಂದು ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದವರು, ಆ ವೀಸಾ ಬಂದರೆ ಕೆಲಸ ಕೊಡುತ್ತೇವೆ ಎಂದು ಅವಳಿಗೆ ಹೇಳಿದ್ದರಂತೆ. ಅದನ್ನು ಹೇಳುವಾಗ ಖುಷಿಗೆ ಅವಳ ಮುಖ ಫೋನಿನಲ್ಲಿ ಹಿಡಿಸುತ್ತಿರಲಿಲ್ಲ. "ಎರಡು ವರ್ಷ ಕಲ್ತು ಬಂದ್ರೆ ನಮ್ಮ ತೋಟಕ್ಕೇ ಆಗುತ್ತಪ್ಪ. ಮೋಡ ಕವಿದ ತಕ್ಷಣ ಸಿಕ್ಕಿದ ರೇಟಿಗೆ ಕೊಟ್ಟು ಕೈತೊಳ್ಕೊಳೋದು ತಪ್ಪುತ್ತೆ" ಅಂದಳು. ಭಾವ ಆಮೇಲೆ ಬಹಳ ಹೊತ್ತು ತೋಟದ ಕಡೆಗೇ ನೋಡುತ್ತ ಕೂತಿದ್ದರು.

ನಾನು ಆ ಹೊತ್ತಿಗೆ ವೀಸಾ ಕುರಿತು ಮುಕ್ಕಾಲು ಗಂಟೆ ಮಾತಾಡಿದೆ. ಏನು ಮಾತಾಡಿದೆ ಎಂದು ನೆನಪಿಲ್ಲ. ಎಲ್ಲರೂ ಬೆರಗಾಗಿದ್ದರು ಎಂಬುದು ಮಾತ್ರ ನೆನಪಿದೆ. ನಡುವೆ ಕವಿತ ಎದ್ದು ಬೀನ್ಸ್ ಸೋಸಲು ಹೋದಳು.

ಇಷ್ಟರಲ್ಲಿ ಚೈತನ್ಯನಿಗೆ ಹೆಣ್ಣು ಗೊತ್ತಾಯಿತು. ಗೌರಿಬಿದನೂರು ತಾಲ್ಲೂಕು ನಗರಗೆರೆಯ ನಲ್ಲಪ್ಪನವರ ಮಗಳು ಶಿರೀಷಾ. ಮುಹೂರ್ತ ಮಾರ್ಗಶಿರದಲ್ಲಿ ಸಿಕ್ಕಿತು. ಅದು ಬಿಟ್ಟರೆ ಧನುರ್ಮಾಸ ಶುರು, ಸಂಕ್ರಾಂತಿ ಕಳೆಯುವ ತನಕ ಮದುವೆಯ ಮಾತೇ ಇಲ್ಲ. ಚಿಕ್ಕಬಳ್ಳಾಪುರದಲ್ಲಿ ಛತ್ರವೂ ಸಿಕ್ಕಿತು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ, ನಿಶ್ಚಿತಾರ್ಥದ ದಿನ, ಭಾವನ ಅಕ್ಕ ಅಮ್ಮಾಜಮ್ಮ ಬಾಯಿ ತೆರೆದರು.

ಅಮ್ಮಾಜಮ್ಮನನ್ನು ಕೊಟ್ಟಿದ್ದು ವಿದುರಾಶ್ವತ್ಥಕ್ಕೆ. ಎಪ್ಪತ್ತು ದಾಟಿದ ಮುತ್ತೈದೆ. ಅವರು ಗಂಟಲು ಸರಿಮಾಡಿಕೊಂಡರೆ ಸುತ್ತಲ ಹಳ್ಳಿಗಳ ನಾಯಿಗಳು ಬೊಗಳುವುದನ್ನು ನಿಲ್ಲಿಸುತ್ತವೆ.

"ಕಳಸಗಿತ್ತಿ ಯಾರು?" ಅಂದರು.

ನಮ್ಮ ಕಡೆ ಮದುವೆಯಲ್ಲಿ ಗಂಡಿನ ಒಡಹುಟ್ಟಿದವಳು ಕಳಸ ಹಿಡಿದು ಅವನ ಹಿಂದೆಯೇ ಇರಬೇಕು. ಚಪ್ಪರಕ್ಕೆ ಬರುವಾಗಲೂ, ಧಾರೆಯಲ್ಲೂ, ಹೆಣ್ಣನ್ನು ಮನೆ ತುಂಬಿಸಿಕೊಳ್ಳುವಾಗಲೂ. ಅವಳೇ ಕಳಸಗಿತ್ತಿ. ಅವಳಿಲ್ಲದೆ ಗಂಡು ಹಸೆಮಣೆಯ ಮೇಲೆ ಕೂರುವುದು ಲಕ್ಷಣವಲ್ಲ.

"ಯಾರಾದ್ರೂ ಸಿಕ್ತಾರೆ ಬಿಡಕ್ಕ, ನಮ್ಮ ತಮ್ಮನ ಮಗಳು ಇದಾಳೆ," ಎಂದು ಭಾವ ಅಂದರು.

"ಯಾರಾದ್ರೂ ಅಂದ್ರೆ? ಒಡಹುಟ್ಟಿದೋಳು ಬದುಕಿ ಬಾಳ್ತಿರೋವಾಗ ಇನ್ಯಾರೋ ಹಿಡಿಯಕ್ಕೆ ಅದೇನು ಪ್ಲಾಸ್ಟಿಕ್ ಬಕೀಟಾ? ನಿನ್ನ ಮದುವೇಲಿ ನಾನು ಜ್ವರ ಬಂದಿದ್ರೂ ಹಿಡ್ದಿದ್ದೆ ಕಣೋ. ಯಾಮಿನಿ ಬರ್ಬೇಕು. ಬರ್ದಿದ್ರೆ ನಾನೂ ಬರಲ್ಲ."

ನಗರಗೆರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಲ್ಲಪ್ಪನವರು ತೆಲುಗಿನಲ್ಲಿ ತಮ್ಮ ಹೆಂಡತಿಗೆ ಏನೋ ಪಿಸುಗುಟ್ಟಿದರು. ಅಕ್ಕನ ಕಣ್ಣು ತುಂಬಿತು. ಇಂಥ ಹೊತ್ತಿನಲ್ಲಿ ಸುಮ್ಮನಿರುವವನು ಸೋದರಮಾವನೇ? ನಾನು ಎದ್ದು ನಿಂತೆ.

"ಯಾಮಿನಿ ಬರ್ತಾಳೆ. ಕರೆಸೋ ಜವಾಬ್ದಾರಿ ನಂದು. ಟಿಕೆಟ್ಟೂ ನಂದೇ. ಬೇಕಾದ್ರೆ ಇಂಗ್ಲೆಂಡನ್ನೇ ಇಲ್ಲಿಗೆ ಎಳ್ಕೊಂಡು ಬರ್ತೀನಿ, ಚಪ್ಪರದ ಪಕ್ಕ ಕಟ್ಟಾಕ್ಕೊಳ್ಳಿ."

ಚಪ್ಪಾಳೆ ಬಿತ್ತು. ಕವಿತ ಹಣೆಗೆ ಕೈ ಇಟ್ಟುಕೊಂಡಳು.

ನವೆಂಬರಿನಲ್ಲಿ ಯಾಮಿನಿಯ ರಿಸಲ್ಟ್ ಬಂತು, ಪಾಸು. ಅವಳು ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಿದಳು. ನಾನು ಅಷ್ಟು ಹೊತ್ತಿಗೆ ಟಿಕೆಟ್ ತೆಗೆದಾಗಿತ್ತು. ಅವಳೇ ಫೋನ್ ಮಾಡಿದಳು.

"ಮಾಮ, ಒಂದು ತೊಂದ್ರೆ ಇದೆ. ಅರ್ಜಿಗೆ ಉತ್ತರ ಬರೋವರೆಗೂ ದೇಶ ಬಿಟ್ಟು ಹೋಗಬಾರದು ಅಂತ ಸಾಬ್ರೀನ್ ಹೇಳ್ತಿದಾಳೆ. ಉತ್ತರ ಬರಕ್ಕೆ ವಾರಗಟ್ಟಲೆ ಆಗುತ್ತಂತೆ. ಮದುವೆ ಒಳಗೆ ಬರುತ್ತೋ ಇಲ್ವೋ ಗೊತ್ತಿಲ್ಲ."

ಓದುಗರೇ, ನೀವೇ ಹೇಳಿ. ನಾನು ಒಮ್ಮೆ ಪಹಣಿ ತಿದ್ದುಪಡಿಗೆ ಒಂದು ಕಚೇರಿಯಲ್ಲಿ ಅರ್ಜಿ ಕೊಟ್ಟು, ಕಾಶಿ ರಾಮೇಶ್ವರ ಎಲ್ಲ ಸುತ್ತಿ ಬಂದರೂ, ಅರ್ಜಿ ಇಟ್ಟ ಟೇಬಲ್ಲಿನ ಮೇಲೆ ಇಟ್ಟ ಹಾಗೇ ಇತ್ತು. ಅದರ ಮೇಲಿದ್ದ ಕಲ್ಲು ಕೂಡ ಅಲುಗಿರಲಿಲ್ಲ. ಅರ್ಜಿ ಅಂದಮೇಲೆ ಅದು ಹಾಕಿದವನನ್ನು ಕಾಯುವುದಿಲ್ಲ, ಹಾಕಿದವನು ಅದನ್ನು ಕಾಯಬೇಕು. ಎಲ್ಲಿ ನಿಂತು ಕಾಯುತ್ತಾನೆ ಎಂದು ಕೇಳುವವರು ಯಾರು? ಇದು ನಾನು ಇಡೀ ಜೀವನ ಕಣ್ಣಾರೆ ಕಂಡ ಸತ್ಯ. ಇಂಗ್ಲೆಂಡಿನಲ್ಲಿ ಬೇರೆಯಾಗಿರುತ್ತದೆ ಎಂದು ಯಾರಿಗೆ ಕನಸು ಬಿದ್ದಿತ್ತು?

"ಸಾಬ್ರೀನ್‌ಗೇನು ಗೊತ್ತಮ್ಮ, ಚಿಕ್ಕ ಹುಡುಗಿ," ಅಂದೆ. "ನಾನು ಡೆಲ್ಲೀಲಿ ದೊಡ್ಡ ಆಫೀಸರ್‌ನ ವಿಚಾರಿಸಿದೀನಿ. ವೀಸಾ ಕೊಡೋ ಸೀಟಲ್ಲಿ ಕೂತಿರೋರು. ಅರ್ಜಿ ಅದರ ಪಾಡಿಗೆ ಅಲ್ಲಿ ಇರುತ್ತೆ, ನೀನು ನಿನ್ನ ಪಾಡಿಗೆ ಬಂದು ಕಳಸ ಹಿಡಿದು ಹೋಗ್ತಾ ಇರು ಅಂದ್ರು."

"ಹೂಂ ಮಾಮ. ಬರ್ತೀನಿ ಬಿಡಿ" ಅಂದಳು.

ಅವಳು ಹೊರಡುವ ದಿನ ಬಂತು. ನಾನು ಲಗ್ನಪತ್ರಿಕೆ ಹಂಚುತ್ತ ಶಿಡ್ಲಘಟ್ಟಕ್ಕೆ, ಸಾಬ್ರೀನಳ ತಂದೆ ಖಲೀಮುಲ್ಲಾ ಸಾಹೇಬರ ರೇಷ್ಮೆ ನೂಲು ತೆಗೆಯುವ ಘಟಕಕ್ಕೆ ಹೋದೆ. ಒಳಗೆ ಬಿಸಿನೀರಿನಲ್ಲಿ ಗೂಡು ಬೇಯುತ್ತಿತ್ತು. ಆ ವಾಸನೆಗೆ ಹೊಸಬರು ಮೂರು ದಿನ ಊಟ ಬಿಡುತ್ತಾರೆ. ನಾನು ಅಲ್ಲೇ ನಿಂತು ಎರಡು ಬನ್ನು ತಿಂದೆ.

"ಸಾಬ್ರೀನ್‌ನೂ ಯಾಮಿನಿ ಜೊತೆ ಕರೆಸಿಬಿಡಿ ಸಾಹೇಬ್ರೆ, ಮದುವೆ ನೋಡ್ಲಿ," ಅಂದೆ.

"ಅರೇ ಮೋಹನ್ ಸಾಬ್, ಅದೆಲ್ಲಿ ಆಗ್ತದೆ? ಅವಳ ಚಾಚಾನ ಮಗಳ ಶಾದಿಗೇ ಬರ್ತಾ ಇಲ್ಲ ಅವಳು. ಅರ್ಜಿ ಅಲ್ಲಿದ್ದಾಗ ದೇಶ ದಾಟಿದ್ರೆ ಅರ್ಜಿ ಖಲಾಸ್. ವಾಪಸ್ ತಗೊಂಡಂಗೆ ಲೆಕ್ಕ. ಯೂನಿವರ್ಸಿಟಿಯವ್ರೇ ಹೇಳಿದಾರೆ, ಸರ್ಕಾರದ ವೆಬ್‌ಸೈಟಲ್ಲೂ ಹಾಕಿದಾರೆ. ಆಮೇಲೆ ಇಲ್ಲಿಂದ ಹೊಸದಾಗಿ ಹಾಕಕ್ಕೂ ಬರಲ್ಲ." ಅವರು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಯಾಮಿನಿ ಬೇಟಿ ಹೆಂಗೆ ಬರ್ತಾ ಇದಾಳೆ ಅಂತ ನಮ್ಮನೇಲಿ ದಿನಾ ಇದೇ ಮಾತು. ಮೋಹನ್ ಮಾಮಾಗೆ ಯಾರೋ ಬಡಾ ಅಫ್ಸರ್ ಗೊತ್ತಂತೆ, ಸ್ಪೆಷಲ್ ಪರ್ಮಿಷನ್ ಕೊಟ್ಟಿದಾರಂತೆ ಅಂದ್ರು. ಯಾರು ಅವ್ರು? ನಮ್ಗೂ ಸ್ವಲ್ಪ ನಂಬರ್ ಕೊಡಿ ಸಾಬ್."

ಮೂರನೇ ಬನ್ನು ಕೈಯಲ್ಲೇ ಉಳಿಯಿತು.

"ಆಮೇಲೆ ಕೊಡ್ತೀನಿ" ಎಂದು ಹೇಳಿ ಬೈಕು ಹತ್ತಿದವನು ಪೆರೇಸಂದ್ರದಲ್ಲೇ ಇಳಿದದ್ದು. ಗಾಳಿ ನನ್ನ ಹಿಂದೆ ಓಡಿ ಬಂದು, ಸುಸ್ತಾಗಿ, ಚಿಕ್ಕಬಳ್ಳಾಪುರದ ಬೈಪಾಸಿನಲ್ಲಿ ಕೂತುಬಿಟ್ಟಿತು. ಭಾವನ ಮನೆಗೆ ಹೋಗಲಿಲ್ಲ, ನೇರ ದ್ರಾಕ್ಷಿ ತೋಟಕ್ಕೆ ಹೋದೆ. ಅಲ್ಲಿ ಫೋನ್ ಕೈಗೆ ತೆಗೆದುಕೊಂಡೆ. ಮುಂದೆ ಏನಾಯಿತು ಎಂದು ಮೊದಲೇ ಹೇಳಿದ್ದೇನಲ್ಲ: ಪೈಲಟ್ಟು, ಮೋಡ, ಸೂಟ್‌ಕೇಸು. ಸಂಜೆ ಚೈತನ್ಯ ತೋಟದೊಳಗೆ ನನ್ನನ್ನು ಹುಡುಕಿಕೊಂಡು ಬಂದ.

"ಮಾಮ, ಇಲ್ಲಿದೀರಾ? ಯಾಮಿನಿ ಬರ್ತಾ ಇಲ್ಲ. ಅಲ್ಲೇ ಉಳ್ಕೊಂಡ್ಲು. ಅರ್ಜಿಗೇನೂ ಆಗಿಲ್ಲ" ಅಂದ.

ವಿಮಾನ ಇಳಿಸಿದವನಿಗೇ ಬಂದು ಸುದ್ದಿ ಹೇಳುತ್ತಾನೆ! ಆದರೂ ನಾನು ಏನೂ ಗೊತ್ತಿಲ್ಲದವನಂತೆ "ಹೌದೇನಪ್ಪ" ಅಂದೆ. ಅಷ್ಟು ಹೇಳುವಷ್ಟರಲ್ಲಿ ಯಾಕೋ ಡ್ರಿಪ್ ಪೈಪಿನ ಸುರುಳಿಯ ಮೇಲೆ ಕೂತುಬಿಟ್ಟೆ. ಹವಾಮಾನದ ದೋಷ.

ಮದುವೆಯಲ್ಲಿ ಕಳಸ ಹಿಡಿದವರು ಸ್ವತಃ ಅಮ್ಮಾಜಮ್ಮ. "ನಾನೂ ಈ ಮನೆ ಹೆಣ್ಣುಮಗಳೇ ತಾನೆ" ಎಂದು ಅವರೇ ಮುಂದೆ ಬಂದರು. ಪುರೋಹಿತರು ಎರಡನೇ ಮಾತಾಡಲಿಲ್ಲ. ಆಡಿದ್ದರೆ ಏನಾಗುತ್ತಿತ್ತು ಎಂದು ಅವರಿಗೂ ಗೊತ್ತಿತ್ತು. ಮದುವಣಿಗನ ಹಿಂದೆ ಎಪ್ಪತ್ತು ದಾಟಿದ ಕಳಸಗಿತ್ತಿ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅಕ್ಕಿ, ಅಕ್ಕಿಯ ಮೇಲೆ ಹಿತ್ತಾಳೆ ಚೊಂಬು, ಚೊಂಬಿಗೆ ವೀಳ್ಯದೆಲೆ, ತೆಂಗಿನಕಾಯಿ. ನಗರಗೆರೆಯ ಹುಡುಗಿಯರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. "ಏಯ್, ನಗ್ತೀರಾ? ನೀವೆಲ್ಲ ಮಂಡಿ ನೋವು ಅಂತ ಕುರ್ಚಿ ಹುಡುಕ್ತಿದೀರ, ನಾನು ಬೆಳಗ್ಗೆಯಿಂದ ನಿಂತಿದೀನಿ ಕಣ್ರೇ" ಎಂದು ಅಮ್ಮಾಜಮ್ಮ ಧಾರೆ ಎರೆಯುವಾಗಲೇ ಕೂಗಿದರು. ಹೋಮದ ಹೊಗೆ ಅವರ ಕಡೆ ತಿರುಗಿದಾಗ ಬೈಗುಳ ಪುರೋಹಿತರಿಗೆ ಬಿತ್ತು. ಅಮ್ಮಾಜಮ್ಮ ನಡೆದ ಕಡೆಯೆಲ್ಲ ಜನ ತಾವಾಗಿಯೇ ದಾರಿ ಬಿಟ್ಟರು. ಇಂಥ ಕಳಸಗಿತ್ತಿಯನ್ನು ಚಿಕ್ಕಬಳ್ಳಾಪುರದ ಯಾವ ಛತ್ರವೂ ಕಂಡಿರಲಿಲ್ಲ. ಇದರಲ್ಲಿ ಮಾತ್ರ ನಾನು ಒಂದಕ್ಷರವೂ ಸೇರಿಸಿಲ್ಲ.

ಯಾಮಿನಿ ಅಲ್ಲಿಂದಲೇ ಫೋನಿನಲ್ಲಿ ಮದುವೆ ನೋಡಿದಳು. ತಾಳಿ ಕಟ್ಟುವಾಗ ಅಣ್ಣ ತಂಗಿ ಇಬ್ಬರೂ ಅತ್ತರು. ಅವಳ ಅರ್ಜಿಗೆ ಉತ್ತರ ಇನ್ನೂ ಬಂದಿರಲಿಲ್ಲ. ಅಕ್ಕ ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗಲೂ ಅರ್ಧ ಗಮನ ಫೋನಿನ ಮೇಲೆ ಇಟ್ಟಿದ್ದಳು.

ಬೀಗರ ಊಟ ಪೆರೇಸಂದ್ರದಲ್ಲಿ ನಡೆಯಿತು. ಅದಕ್ಕೆ ಬೇಯಿಸಿದ ಮಟನ್ ವಾಸನೆಗೆ ಬಾಗೇಪಲ್ಲಿ ಕಡೆ ಹೋಗುತ್ತಿದ್ದ ಬಸ್ಸುಗಳು ಹೈವೇಯಲ್ಲಿ ತಾವಾಗಿಯೇ ನಿಂತವು. ನಾನು ನಲ್ಲಪ್ಪನವರ ಪಕ್ಕ ಎಲೆಯ ಮುಂದೆ ಕೂತು, ಮುದ್ದೆ ಮುರಿಯುತ್ತ, ವಿಮಾನ ಇಳಿಸಿದ ಕಥೆಯನ್ನು ಮೊದಲಿನಿಂದ ಹೇಳಿದೆ. ನಿಮಗೆ ಹೇಳಿದ್ದಕ್ಕಿಂತ ಸ್ವಲ್ಪ ಚೆನ್ನಾಗಿಯೇ ಹೇಳಿದೆ. ಅವರಿಗೆ ಹೇಳುವಾಗ ವಿಮಾನದ ಜೊತೆ ಹೆಲಿಕಾಪ್ಟರೂ ಇತ್ತು.

"ಅಬ್ಬಬ್ಬಾ! ನಿಜಂಗಾನಾ ಬಾವಾ?" ಎಂದು ನಲ್ಲಪ್ಪನವರು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಕೂತರು.

"ಸುಳ್ಳು ಹೇಳಿ ನನಗೇನಾಗಬೇಕು?" ಅಂದೆ.

ಅಷ್ಟರಲ್ಲಿ ಒಳಗಿಂದ ಅಕ್ಕ ಚೀರಿದಳು. ಸೌಟು ಬಿದ್ದ ಸದ್ದು. ಎಲ್ಲರೂ ಗಾಬರಿಯಿಂದ ಏಳುವಷ್ಟರಲ್ಲಿ ಚೈತನ್ಯ ಫೋನನ್ನು ಎತ್ತಿ ಹಿಡಿದುಕೊಂಡು ಹೊರಗೆ ಓಡಿ ಬಂದ.

"ಬಂತು! ಯಾಮಿನಿದು ವೀಸಾ ಬಂತು! ಎರಡು ವರ್ಷ!"

ಆ ಗದ್ದಲ ಹೇಗೆ ಹೇಳಲಿ. ಭಾವ ಎಂಜಲು ಕೈಯಲ್ಲೇ ಕಣ್ಣು ಒರೆಸಿಕೊಳ್ಳಲು ಹೋಗಿ ಕಣ್ಣಿಗೆ ಖಾರ ತಾಗಿಸಿಕೊಂಡು, ಅಳುತ್ತಿರುವುದು ಖಾರಕ್ಕೋ ಖುಷಿಗೋ ಯಾರಿಗೂ ತಿಳಿಯದ ಹಾಗೆ ಮಾಡಿಕೊಂಡರು. ಅಕ್ಕ ಹೊಸ ಸೊಸೆ ಶಿರೀಷಾಳನ್ನು ತಬ್ಬಿಕೊಂಡಳು. ಫೋನಿನ ಪರದೆಯಲ್ಲಿ ಯಾಮಿನಿ, ಅವಳ ಹೆಗಲ ಮೇಲಿಂದ ಇಣುಕುತ್ತ ಸಾಬ್ರೀನ್.

"ಎಲ್ಲಿ, ಸೀಲು ಹಾಕಿರೋದು ತೋರ್ಸು," ಎಂದರು ಅಮ್ಮಾಜಮ್ಮ.

"ಈಗ ಸೀಲೂ ಇಲ್ಲ, ಕಾರ್ಡೂ ಇಲ್ಲ ಅತ್ತೆಮ್ಮ. ಎಲ್ಲ ಆನ್‌ಲೈನ್."

"ಸೀಲಿಲ್ದೆ ಅದೆಂಥ ವೀಸಾನೋ. ಸದ್ಯ, ಬಂತಲ್ಲ. ಇನ್ನು ನೀನು ಬಂದು ಹೋಗಿ ಮಾಡಬಹುದಾ?"

"ಬರಬಹುದು ಅತ್ತೆಮ್ಮ. ಯುಗಾದಿಗೆ ಬರ್ತೀನಿ."

ಆಗ ನಲ್ಲಪ್ಪನವರು ಎಲೆ ಬಿಟ್ಟು ಎದ್ದು ಬಂದು ಫೋನಿಗೆ ಮುಖ ಒಡ್ಡಿದರು. ಒಳ್ಳೆಯ ಮನುಷ್ಯ. ಅವರಿಗೆ ನನ್ನ ಮೇಲೆ ಯಾವ ದ್ವೇಷವೂ ಇರಲಿಲ್ಲ.

"ಎಲ್ಲ ನಿಮ್ಮ ಮಾಮನ ಪುಣ್ಯ ಕಣಮ್ಮ! ಹಾರೋ ವಿಮಾನ ಇಳಿಸಿ ನಿನ್ನ ಕೆಳಕ್ಕೆ ತಂದ್ರಂತಲ್ಲ!"

"ಯಾವ ವಿಮಾನ?" ಅಂದಳು ಯಾಮಿನಿ. "ನಾನು ವಿಮಾನನೇ ಹತ್ತಿಲ್ಲ. ಏರ್‌ಪೋರ್ಟಿಗೆ ಹೋಗಕ್ಕೆ ರೈಲ್ವೇ ಸ್ಟೇಷನ್‌ನಲ್ಲಿ ನಿಂತಿದ್ದೆ. ಅತ್ತೆಮ್ಮನ ಫೋನ್ ಬಂತು, ವಾಪಸ್ ರೂಮಿಗೆ ಹೋದೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮುದ್ದೆಯ ಕಡೆ ತಿರುಗಿದೆ.

"ನಿಮ್ಮ ಮಾಮ ಆ ದಿನ ಯಾರಿಗೆ ಫೋನ್ ಮಾಡಿದ್ರೋ ನಂಗಂತೂ ಗೊತ್ತಿಲ್ಲ," ಎಂದು ಕವಿತ ಸಾರಿನ ಬಕೆಟ್ಟು ಕೆಳಗಿಟ್ಟಳು. "ಮಧ್ಯಾಹ್ನದಿಂದ ಇವ್ರ ಫೋನು ಸ್ವಿಚ್ ಆಫ್. ಬೈಕಲ್ಲಿ ಬಿದ್ದುಬಿಟ್ರೇನೋ ಅಂತ ನಾನು ಶಿಡ್ಲಘಟ್ಟಕ್ಕೆಲ್ಲ ಫೋನ್ ಮಾಡಿದೆ. ಸಂಜೆ ಚೈತನ್ಯ ಇವ್ರನ್ನ ಪಂಪ್‌ಹೌಸಲ್ಲಿ ಹುಡುಕಿ ತೆಗ್ದ. ಗೊಬ್ಬರದ ಮೂಟೆ ಹಿಂದೆ ಕೂತಿದ್ರಂತೆ."

"ಅತ್ತೆ, ಬಿಡಿ ಅತ್ತೆ," ಎಂದ ಚೈತನ್ಯ, ನಗು ತಡೆಯಲಾಗದೆ.

"ಅಂಗಾದ್ರೆ ನೀವೇನಮ್ಮ ಫೋನ್ ಮಾಡಿದ್ದು?" ಎಂದು ನಲ್ಲಪ್ಪನವರು ಅಮ್ಮಾಜಮ್ಮನ ಕಡೆ ನೋಡಿದರು.

"ನಾನು ಏನೋ ದೊಡ್ಡದು ಮಾಡಕ್ಕೆ ಮಾಡಲಿಲ್ಲಪ್ಪ," ಎಂದರು ಅಮ್ಮಾಜಮ್ಮ. "ಕಳಸ ಹಿಡಿದೋಳನ್ನ ಆಮೇಲೆ ನಮ್ಮನೆಗೆ ಕರೆದು ಉಣ್ಣಕ್ಕಿಕ್ಕಿ ಸೀರೆ ಉಡಿಸ್ಬೇಕಲ್ಲ. ವಾಪಸ್ ಹೋಗೋದು ಯಾವತ್ತು ಕಣಮ್ಮ ಅಂತ ಕೇಳ್ದೆ, ಅಷ್ಟೇ. ಈ ಮಗು ಅಲ್ಲಿ ರೈಲ್ ಸ್ಟೇಷನ್ನಲ್ಲಿ ನಿಂತ್ಕೊಂಡು ಗೊಳೋ ಅಂತ ಅಳಕ್ಕೆ ಶುರು ಮಾಡ್ತು. ವಾಪಸ್ ಹೋಗಕ್ಕೆ ಆಗಲ್ಲ ಅತ್ತೆಮ್ಮ, ಬಂದ್ರೆ ಅದೆಲ್ಲ ಹೋಯ್ತು, ಕೆಲಸನೂ ಹೋಯ್ತು ಅಂತು. ನಂಗೆ ಎದೆ ಝಲ್ ಅಂತು ಕಣಪ್ಪ. ಮನೆ ತುಂಬ ಜನ ಇದೀವಿ, ಬಾ ಬಾ ಅಂದ್ವಿ, ಬಂದ್ರೆ ನಿಂಗೇನಾಗುತ್ತೆ ಅಂತ ಒಬ್ರಾದ್ರೂ ಕೇಳಿದ್ವಾ? ನೀನು ಅಲ್ಲೇ ಇರು ಕಣಮ್ಮ, ಕಳಸ ನಾನು ಹಿಡೀತೀನಿ ಅಂದೆ."

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಬಯ್ಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಬಯ್ದಿದ್ದರೆ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು.

"ಮೋಹನ, ಆ ಡೆಲ್ಲಿ ಆಫೀಸರು?" ಎಂದಳು.

ನಾನು ಕೈ ತೊಳೆದುಕೊಂಡೆ. ಎಲೆಯಲ್ಲಿ ಇನ್ನೂ ಊಟ ಇತ್ತು, ಆದರೂ ತೊಳೆದುಕೊಂಡೆ.

"ಯಾವ ಆಫೀಸರೂ ಇಲ್ಲಕ್ಕ," ಅಂದೆ. "ನಾನು ಯಾರನ್ನೂ ಕೇಳಿರಲಿಲ್ಲ. ನಮ್ಮೂರ ಅರ್ಜಿ ಥರಾನೇ ಇರುತ್ತೆ ಅಂದ್ಕೊಂಡೆ. ಅಷ್ಟು ಜನರ ಮುಂದೆ ಕರೆಸ್ತೀನಿ ಅಂದಿದ್ದೆನಲ್ಲ, ಹೆಂಗೆ ಹಿಂದಕ್ಕೆ ತಗೊಳ್ಳೋದು ಅಂತ ಬಾಯಿಗೆ ಬಂದಿದ್ದು ಹೇಳ್ದೆ. ಖಲೀಮುಲ್ಲಾ ಸಾಹೇಬ್ರು ಹೇಳಿದ ಮೇಲೇನೇ ನಾನು ಏನು ಮಾಡಿದೀನಿ ಅಂತ ತಿಳಿದಿದ್ದು. ತೋಟಕ್ಕೆ ಬಂದು ಯಾಮಿನಿಗೆ ಒಂದು ಸಲ ಮಾಡಿದೆ. ಬೇರೆ ಕಾಲ್‌ನಲ್ಲಿದಾರೆ ಅಂತ ಬಂತು. ಇನ್ನೊಂದು ಸಲ ಮಾಡಬೇಕಿತ್ತು. ಮಾಡಲಿಲ್ಲ. ಅವಳು ಎತ್ತಿದ್ರೆ, ನಾನು ಹೇಳಿದ್ದು ಸುಳ್ಳು ಕಣಮ್ಮ ಅನ್ಬೇಕಿತ್ತಲ್ಲ. ಭಯ ಆಯ್ತು. ಫೋನ್ ಆಫ್ ಮಾಡಿ ಒಳಗೆ ಕೂತ್ಕೊಂಡೆ."

ಭಾವ ಬಾಯ್ತೆರೆಯುವಷ್ಟರಲ್ಲಿ ಫೋನಿನಿಂದ ನಗು ಕೇಳಿಸಿತು. ಯಾಮಿನಿ.

"ಮಾಮ, ಅದಕ್ಕೆ ಯಾಕೆ ಮುಖ ಇಷ್ಟು ಚಿಕ್ಕದು ಮಾಡ್ಕೊಂಡಿದೀರ? ನಿಮ್ಮ ಆಫೀಸರ್‌ನ ನಾನು ಒಂದು ನಿಮಿಷನೂ ನಂಬಿರಲಿಲ್ಲ."

"ನಂಬಿರಲಿಲ್ವಾ?"

"ನಿಮ್ಮ ಮಾತು ಯಾರು ನಂಬ್ತಾರೆ ಮಾಮ! ನೀವು ಹೇಳಿದ ದಿನವೇ ನಾನು ಯೂನಿವರ್ಸಿಟೀಲಿ ಹೋಗಿ ಕೇಳಿದೆ. ಹೋದ್ರೆ ಅರ್ಜಿ ಹೋಗುತ್ತೆ ಅಂದ್ರು. ಗೊತ್ತಿದ್ದೇ ಹೊರಟಿದ್ದೆ. ಅಣ್ಣನ ಮದುವೆಗೆ ಕಳಸ ಹಿಡಿಯೋರಿಲ್ಲ, ಅತ್ತೆಮ್ಮ ಬರಲ್ಲ ಅಂತಾರೆ ಅಂದ್ರೆ ನಾನು ಹೆಂಗೆ ಇಲ್ಲಿರಲಿ? ಸಾಬ್ರೀನ್ ಅಪ್ಪನಿಗೆ ಸ್ಪೆಷಲ್ ಪರ್ಮಿಷನ್ ಅಂತ ನಾನೇ ಹೇಳಿಸಿದ್ದೆ. ಅಮ್ಮನಿಗೆ ಗೊತ್ತಾಗಬಾರದು ಅಂತ."

"ನೋಡಿದ್ರಾ!" ಎಂದಳು ಕವಿತ. "ಇಷ್ಟು ವರ್ಷದಲ್ಲಿ ಇವ್ರ ಮಾತು ನಂಬದೆ ಇರೋದ್ರಿಂದ ಒಂದು ಒಳ್ಳೇದಾಯ್ತು ಅಂತ ಈಗ ಗೊತ್ತಾಯ್ತು."

"ಒಳ್ಳೇದೇನಾಯ್ತೇ, ಕೆಟ್ಟದ್ದೇನೂ ಆಗಲಿಲ್ಲ ಅನ್ನು," ಎಂದು ಅಮ್ಮಾಜಮ್ಮ ತಿದ್ದಿದರು. ಆಮೇಲೆ ನನ್ನ ಎಲೆಯನ್ನು ತೋರಿಸಿ, "ಯಾರಾದ್ರೂ ಇವನಿಗೆ ಇನ್ನೊಂದು ಮುದ್ದೆ ಹಾಕ್ರೋ, ಹೆದ್ರಿಕೊಂಡು ಅರ್ಧಕ್ಕೇ ಎದ್ದವ್ನೆ" ಅಂದರು.

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಕೊನೆಗೆ. ಆ ನಗು ನೋಡಿದ ಮೇಲೇ ಅಷ್ಟು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದಂತಾಗಿ, ನಾನು ಮತ್ತೆ ಎಲೆಯ ಮುಂದೆ ಕೂತೆ. ನನ್ನನ್ನು ಯಾರೂ ನಂಬುವುದಿಲ್ಲ ಎಂದು ತಿಳಿದು ಇಷ್ಟು ಸಂತೋಷವಾದದ್ದು ಅದೇ ಮೊದಲು.

ಹಾಗಾಗಿ, ಓದುಗರೇ, ನಾನು ವಿಮಾನ ಇಳಿಸಿಲ್ಲ. ಅವತ್ತು ಇಳಿದದ್ದು ನಾನೊಬ್ಬನೇ, ಬೈಕಿನಿಂದ. ನನ್ನ ಪೈಪು ಲಂಡನ್ನಿಗೂ ಹೋಗುವುದಿಲ್ಲ, ಶಿಡ್ಲಘಟ್ಟ ಮುಟ್ಟಿದರೆ ಹೆಚ್ಚು. ಆ ಹುಡುಗಿಯ ಎರಡು ವರ್ಷವನ್ನು ಉಳಿಸಿದವರು ಅಮ್ಮಾಜಮ್ಮ, ಒಂದೇ ಒಂದು ಪ್ರಶ್ನೆ ಕೇಳಿ. ಆ ಪ್ರಶ್ನೆ ನಾನು ಕೇಳಬಹುದಿತ್ತು. ಕೇಳಲಿಲ್ಲ.